ಹನ್ನೊಂದು ನಿಮಿಷದ ಖಾಲಿ ಸಾಲು

ಸಿನಿಮಾ ತೆರೆಯ ಕೆಳಗಿನ ಬಂಗಾಳಿ ಅನುವಾದದ ಸಾಲುಗಳು ಒಮ್ಮೆಲೇ ನಿಂತುಹೋದವು. ಸುಧಾರಕ ಮಠದ ಮೆಟ್ಟಿಲಿಳಿದು ಊರಾಚೆಯ ಕೇರಿಯ ಕಡೆ ನಡೆದಿದ್ದ. ಹಿಂದಿನಿಂದ ಶಿಷ್ಯ ಏನೋ ಕೂಗಿದ, ಅದಕ್ಕೆ ಸಾಲು ಬರಲಿಲ್ಲ. ಸುಧಾರಕ ಉತ್ತರ ಕೊಟ್ಟ, ಅದಕ್ಕೂ ಬರಲಿಲ್ಲ. ತೆರೆಗೆ ಹತ್ತಿರದ ಕುರ್ಚಿಯಲ್ಲಿ ಕೂತಿದ್ದ ವಸಂತಾ ಮುಂದಕ್ಕೆ ಬಾಗಿದಳು. ಆ ಸಾಲುಗಳನ್ನು ಬರೆದವಳು ಅವಳೇ, ಒಂದು ಮಾತನ್ನೂ ಬಿಡದೆ ಬರೆದಿದ್ದಳು.

ಲೇಕ್ ಮಾರ್ಕೆಟ್ ಹಿಂದಿನ ಸಭಾಂಗಣದಲ್ಲಿ ಕನ್ನಡ ಬಳಗ ಆ ಭಾನುವಾರ ಮಧ್ಯಾಹ್ನ ಸಿನಿಮಾ ಇಟ್ಟುಕೊಂಡಿತ್ತು. ಜಾತಿ ಮುರಿಯಲು ಹೊರಟ ಹಳೆಯ ಕಾಲದ ಸುಧಾರಕನೊಬ್ಬನ ಕಥೆ. ಪಾಡಾದ, ಅಂದರೆ ಅಕ್ಕಪಕ್ಕದ ಓಣಿಗಳ ಬಂಗಾಳಿಗಳನ್ನೂ ಕರೆದಿದ್ದರು. ಇಪ್ಪತ್ತೆರಡು ವರ್ಷ ಬಂಗಾಳದ ಈ ನಗರದ ರೈಲ್ವೆ ಕಚೇರಿಯಲ್ಲಿ ದುಡಿದು ಬಂಗಾಳಿ ಬರೆಯಲು ಕಲಿತವಳೆಂದರೆ ಬಳಗದಲ್ಲಿ ವಸಂತಾ ಒಬ್ಬಳೇ. ತಿಂಗಳುಗಟ್ಟಲೆ ಕೂತು ಕೆಲಸ ಮುಗಿಸಿ ಕೊಟ್ಟಾಗ ಅಧ್ಯಕ್ಷ ನರಹರಿ ಕನ್ನಡಕ ಒರೆಸುತ್ತ ಹೇಳಿದ್ದರು. ಅವರು ಬಿಬಿಡಿ ಬಾಗ್‌ನ ಬ್ಯಾಂಕೊಂದರಲ್ಲಿ ನಿವೃತ್ತರಾದ ಮೈಸೂರಿನವರು.

"ಆ ಕೇರಿ ಸೀನಿಗೆ ಬಂಗಾಳಿ ಸಾಲು ಬೇಡಮ್ಮ. ಹನ್ನೊಂದು ನಿಮಿಷ ತಾನೆ? ಖಾಲಿ ಬಿಟ್ಬಿಡಿ. ಸಿನಿಮಾ ಕತ್ತರಿಸಿ ಅಂತ ನಾನೇನೂ ಹೇಳ್ತಿಲ್ಲ. ನಮ್ಮೋರು ನೋಡ್ಲಿ. ಹೊರಗಿನೋರ ಮುಂದೆ ನಮ್ಮ ಕೊಳೆ ಯಾಕೆ ತೊಳೀಬೇಕು?"

"ಬರದಾಗೇದರಿ. ಹಂಗs ಇರ್ಲಿ," ಅಂದಿದ್ದಳು ವಸಂತಾ. ನರಹರಿ ನಕ್ಕು ಇನ್ನೊಂದು ಕಪ್ ಚಹಾ ಬಗ್ಗಿಸಿದ್ದರು. ಆ ನಗುವನ್ನು ಒಪ್ಪಿಗೆ ಅಂದುಕೊಂಡದ್ದು ಅವಳ ಪೆದ್ದುತನ.

ತೆರೆಯ ಮೇಲೆ ಸುಧಾರಕ ಚರ್ಮ ಹದ ಮಾಡುವವನ ಗುಡಿಸಲ ಮುಂದೆ ನಿಂತು ಊಟ ಕೇಳುತ್ತಿದ್ದ. ಬಂಗಾಳಿಗಳು ಪಕ್ಕದವರ ಮುಖ ನೋಡಿಕೊಂಡರು. ವಸಂತಾ ಹಿಂತಿರುಗಿ ನೋಡಿದಳು. ಪ್ರೊಜೆಕ್ಟರ್ ಪಕ್ಕದ ಲ್ಯಾಪ್‌ಟಾಪ್ ಮುಂದೆ ನರಹರಿ ಕೈಕಟ್ಟಿ ಆರಾಮಾಗಿ ಕೂತಿದ್ದರು. ಸಾಲುಗಳನ್ನು ಅಳಿಸಿದವರು ಅವರೇ.

ಸುಮ್ಮನಿರಬಹುದಿತ್ತು. ಸುಮ್ಮನಿರುವುದು ಅವಳಿಗೆ ಚೆನ್ನಾಗಿ ಅಭ್ಯಾಸವಾಗಿತ್ತು. ಬಳಗಕ್ಕೆ ಸೇರಿದ ಹೊಸತರಲ್ಲಿ "ತಂದೆಯವರು ಏನು ಮಾಡ್ತಿದ್ರು?" ಎಂದು ಇದೇ ನರಹರಿ ಕೇಳಿದಾಗ "ವ್ಯಾಪಾರ" ಅಂದುಬಿಟ್ಟಿದ್ದಳು. ಹಾವೇರಿಯ ಕೇರಿಯಲ್ಲಿ ಸುಣ್ಣದ ನೀರಿನಲ್ಲಿ ತೊಗಲು ನೆನೆಹಾಕಿ ಹಾಕಿ ಉಗುರು ಕಳೆದುಕೊಂಡಿದ್ದ ಅಪ್ಪನನ್ನು ಒಂದೇ ಮಾತಿನಲ್ಲಿ ಇಲ್ಲವಾಗಿಸಿದ್ದಳು. ಪಕ್ಕದಲ್ಲಿ ಕೂತಿದ್ದ ಹದಿನಾರರ ಮಗಳು ಪೂರ್ವಿಗೂ ಅದನ್ನೇ ಹೇಳಿದ್ದಳು. ಈಗ ಬಾಯಿ ಬಿಟ್ಟರೆ, ನಿಮಗೇಕೆ ಇಷ್ಟು ಉರಿ ಎಂದು ಕೇಳದೆ ಬಿಡುವ ಜನ ಇದಲ್ಲ.

ಗುಡಿಸಲಿನ ಹೆಂಗಸು ಹೊರಗೆ ಬಂದಳು. ಅವಳ ಮಾತು ಶುರುವಾಗುವ ಮೊದಲೇ ವಸಂತಾ ಎದ್ದು ನಿಂತಿದ್ದಳು.

"ನೀನು ಉಂಡು ಹೋಗುತ್ತೀ," ತೆರೆಯ ಹೆಂಗಸು ಹೇಳಿದ್ದನ್ನು ವಸಂತಾ ಬಂಗಾಳಿಯಲ್ಲಿ ಕೂಗಿ ಹೇಳಿದಳು. "ನಾಳೆ ನಿನ್ನ ಮೇಲೆ ಹಾಡು ಕಟ್ಟುತ್ತಾರೆ. ಬೆಂಕಿ ಬೀಳುವುದು ನಮ್ಮ ಮಾಡಿಗೆ."

"ರೀ, ಕೂತ್ಕೊಳ್ಳಿ!" ನರಹರಿಯ ದನಿ ಕತ್ತಲೆಯಲ್ಲಿ ಚುಚ್ಚಿತು. "ಏನಮ್ಮಾ ಇದು? ಮರ್ಯಾದೆ ಬೇಡ್ವಾ?"

"ದೀದಿ, ಆರ್ ಏಕ್ಟು ಜೋರೆ!" ಹಿಂದಿನಿಂದ ಯಾರೋ ಮುದುಕ ಕೈ ಎತ್ತಿದ. ವಸಂತಾ ದನಿ ಏರಿಸಿದಳು. ಸುಧಾರಕ ಅಂದದ್ದು, ಹೆಂಗಸು ತಿರುಗಿಸಿ ಅಂದದ್ದು, ಎಲ್ಲ ಅವಳಿಗೆ ಬಾಯಿಪಾಠವಾಗಿತ್ತು.

ನರಹರಿ ಕುರ್ಚಿಗಳ ನಡುವೆ ಎಡವುತ್ತ ಬಂದರು. "ನಾನು ಬೇಡ ಅಂತ ಹೇಳಿರ್ಲಿಲ್ವಾ? ನಿಮಗ್ಯಾಕ್ರೀ ಇದರ ಉಸಾಬರಿ?"

"ನಮ್ಮಪ್ಪ ಇದs ಕೆಲಸಾ ಮಾಡತಿದ್ದರಿ," ವಸಂತಾ ಕನ್ನಡದಲ್ಲಿ, ಎಲ್ಲರಿಗೂ ಕೇಳುವ ಹಾಗೆ ಅಂದಳು. "ತೊಗಲು ಹದಾ ಮಾಡತಿದ್ದ. ವ್ಯಾಪಾರಾ ಅಂತ ನಿಮಗ ಸುಳ್ಳು ಹೇಳಿದ್ದೆ. ನಿಮ್ಮ ಕೊಳಿ ಅಲ್ಲರಿ ಅದು, ನಮ್ಮ ಮನಿ ಮಾತು. ಸರೀರಿ, ತೆರಿ ಕಾಣವಲ್ದು."

ಯಾರದೋ ಕುರ್ಚಿ ಕಿರುಗುಟ್ಟಿತು. ಯುಗಾದಿಗೆ ಅವಳ ಹೋಳಿಗೆಯನ್ನು ಬಾಯಿತುಂಬ ಹೊಗಳುತ್ತಿದ್ದ ಇಬ್ಬರು ಹೆಂಗಸರು ಎದ್ದು ಹೊರಗೆ ಹೋದರು. ಹೋಗಲಿ ಎನಿಸಿತು ವಸಂತಾಳಿಗೆ. ಅಪ್ಪನ ಹೆಸರನ್ನು ಇಷ್ಟು ವರ್ಷ ಅದುಮಿಟ್ಟಿದ್ದಕ್ಕೆ ತನ್ನ ಮೇಲೇ ಬಂದ ಸಿಟ್ಟಿನ ಮುಂದೆ ಅವರದು ಯಾವ ಲೆಕ್ಕ? ಆದರೆ ಮಗಳ ಕಡೆ ನೋಡುವ ಧೈರ್ಯ ಮಾತ್ರ ಬರಲಿಲ್ಲ.

ಅಷ್ಟರಲ್ಲಿ ತೆರೆಯ ಹೆಂಗಸು ಬಾಗಿಲಿಗೆ ಒರಗಿ ಕೊನೆಯ ಮಾತು ಹೇಳಿದಳು. "ನೀ ಬರೂದರಾಗ ನಾವು ಒಂದು ಹಿಡಿ ಬೂದಿ ಆಗಿರತೀವಿ."

ವಸಂತಾ ಬಾಯಿ ತೆರೆದಳು. "ನೀನು ಮತ್ತೆ ಬರುವಷ್ಟರಲ್ಲಿ ನಾವು ಒಂದು ಹಿಡಿ..." ಬೂದಿಗೆ ಬಂಗಾಳಿ ಪದ ಬಾಯಿಗೆ ಬರಲೇ ಇಲ್ಲ.

"ಛಾಯ್," ಎಂದಿತು ಪಕ್ಕದಿಂದ ಒಂದು ದನಿ.

ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವ ಪೂರ್ವಿ ಎದ್ದು ನಿಂತಿದ್ದಳು. ಇಡೀ ವಾಕ್ಯವನ್ನು ಅವಳು ಬಂಗಾಳಿಯಲ್ಲಿ ಮೊದಲಿನಿಂದ, ನಿಧಾನವಾಗಿ ಹೇಳಿದಳು. ಆಮೇಲೆ ಅಮ್ಮನ ಕಡೆ ತಿರುಗಿ ಮೆಲ್ಲಗೆ, "ಅಜ್ಜಾನ ಹೆಸರು ಏನು ಅಮ್ಮ?" ಎಂದು ಕನ್ನಡದಲ್ಲೇ ಕೇಳಿದಳು.

"ಮಾದಪ್ಪ," ಎಂದಳು ವಸಂತಾ.

ಗುಡಿಸಲಿನ ದೃಶ್ಯ ಮುಗಿದು ಬಂಗಾಳಿ ಸಾಲುಗಳು ಮರಳಿ ಬಂದವು. ಇಬ್ಬರೂ ಇನ್ನೂ ನಿಂತೇ ಇದ್ದರು. ಅಕ್ಷರಗಳು ಅರ್ಧ ತೆರೆಯ ಮೇಲೆ, ಅರ್ಧ ಅವರ ಬೆನ್ನಿನ ಮೇಲೆ ಬಿದ್ದು ಸಾಗುತ್ತಿದ್ದವು. ಕೂತುಕೊಳ್ಳಿ ಎಂದು ಈ ಸಲ ಯಾರೂ ಹೇಳಲಿಲ್ಲ.