ಕಿಟಕಿಯಾಚೆಯ ಬಿಸಿಲು

ಅಂದು ಬೆಳಗ್ಗೆ ಎಂಥ ಮಂಜು ಕವಿದಿತ್ತೆಂದರೆ, ಎದುರಿನ ಮಹಡಿಮನೆಯನ್ನು ದೇವರು ಹಲಗೆಯ ಮೇಲಿನ ಅಕ್ಷರದಂತೆ ಒರೆಸಿಬಿಟ್ಟಿದ್ದ. ಬೀದಿಯಲ್ಲಿ ಯಾರೋ ಕೆಮ್ಮಿದ್ದು ಕೇಳಿತು, ಕೆಮ್ಮಿದವರು ಕಾಣಲಿಲ್ಲ. ಕಿಟಕಿಯ ಬಳಿ ಕಂಪ್ಯೂಟರು ತೆರೆದು ಕೂತಿದ್ದವಳಿಗೆ ಇದೇನೂ ಹೊಸದಲ್ಲ. ಅವಳ ಕೆಲಸವೇ ಹಾಗೆ, ದನಿ ಕೇಳುತ್ತದೆ, ಆಳು ಸಿಗುವುದಿಲ್ಲ.

ಊರಿನ ಎತ್ತರದ ಕಟ್ಟಡಗಳಲ್ಲಿ ಲಿಫ್ಟು ನಡುದಾರಿಯಲ್ಲಿ ಕೆಟ್ಟು ನಿಂತರೆ, ಒಳಗೆ ಸಿಕ್ಕಿಕೊಂಡವರು ಒತ್ತಿದ ಗಂಟೆ ಅವಳ ತಂಡದ ಯಾರಾದರೊಬ್ಬರ ಮನೆಯಲ್ಲಿ ಮೊಳಗುತ್ತಿತ್ತು. ಮೆಕ್ಯಾನಿಕ್ಕನ್ನು ಓಡಿಸಬೇಕು, ಬಾಗಿಲು ತೆರೆಯುವವರೆಗೂ ಒಳಗಿನವರಿಗೆ ಧೈರ್ಯ ಹೇಳುತ್ತಲೇ ಇರಬೇಕು. ತಂಡದವರೆಲ್ಲ ತಂತಮ್ಮ ಮನೆಗಳಲ್ಲೇ ಕೂತು ದುಡಿಯುವವರು. ಹಿರಿಯಳಾದ ಅವಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಗೋಡೆ ನೋಡಿ ನೋಡಿ ಜೀವ ಒಣಗೀತೆಂದು ಅವಳೊಂದು ರೂಢಿ ಹಾಕಿದ್ದಳು: ಬೆಳಗಿನ ಮೀಟಿಂಗಿನಲ್ಲಿ ಕೆಲಸದ ಮಾತಿಗೆ ಮುಂಚೆ ಒಬ್ಬೊಬ್ಬರೂ ಎದ್ದು ಕಿಟಕಿ ತೆರೆದು ಕಂಡದ್ದನ್ನು ಹೇಳಬೇಕು.

"ಮಂಜು ಅಂದ್ರೆ ಮಂಜು. ಹಾಲು ತರೋಕೆ ಹೋದ ನಮ್ಮ ಯಜಮಾನರು ಪಕ್ಕದ ಮನೆಗೆ ನುಗ್ಗಿಬಿಟ್ಟಿದ್ರು," ಎಂದಳು ಮೆಣಸಿನಕಾಯಿ. ಬಾಯಿ ಚುರುಕೆಂದು ತಂಡವೇ ಇಟ್ಟ ಹೆಸರದು.

ಮುಂದಿನ ಸರದಿ ನಿಧಾನಿಯದು. ಅವನ ಸಾವಧಾನದ ದನಿ ಕೇಳಿದರೆ ಲಿಫ್ಟಿನೊಳಗೆ ಅಳುತ್ತಿದ್ದ ಮಕ್ಕಳೂ ಸುಮ್ಮನಾಗುತ್ತಿದ್ದವು. ಅವನು ಎದ್ದುಹೋಗಿ ಬಂದು ಹೇಳಿದ, "ಒಳ್ಳೆ ಬಿಸಿಲು ಅಕ್ಕ. ಹಗ್ಗದ ಮೇಲಿನ ಬಟ್ಟೆ ಆಗಲೇ ಗರಿಗರಿ."

"ಏನಪ್ಪ, ಸೂರ್ಯ ನಿಮ್ಮನೆಗೆ ಮಾತ್ರ ಬಾಡಿಗೆಗೆ ಬಂದಿದಾನಾ?" ಎಂದ ಮೆಣಸಿನಕಾಯಿ ಮರುಕ್ಷಣ ನಾಲಿಗೆ ಕಚ್ಚಿಕೊಂಡಳು. ಆ ದಿನ ಮೀಟಿಂಗಿನಲ್ಲಿ ಕಂಪನಿಯ ಸಾಹೇಬರೂ ಸದ್ದಿಲ್ಲದೆ ಕೂತಿದ್ದರು.

ಊರಿಗೆಲ್ಲ ಮಂಜು ಕವಿದಿರುವಾಗ ಬಿಸಿಲೆಂದರೆ ಅವನು ಊರಲ್ಲಿಲ್ಲ ಎಂದು ಅಕ್ಕನಿಗೆ ಹೊಳೆಯಿತು. ಕಂಪನಿ ಎಲ್ಲರಿಗೂ ಕೊಟ್ಟಿದ್ದ ಕಂಪ್ಯೂಟರಿನಲ್ಲಿ ಊರಿನ ಕಟ್ಟಡಗಳ ಬಾಗಿಲು ತೆರೆಯುವ ಗುಟ್ಟಿನ ಸಂಖ್ಯೆಗಳಿದ್ದವು. ಅದನ್ನು ಊರಾಚೆ ಒಯ್ದವರಿಗೆ ಅಂದೇ ಕೆಲಸ ಹೋಗುತ್ತಿತ್ತು. ಜನರ ಹಿತಕ್ಕೆಂದು ತಾನು ತೆರೆಸಿದ ಕಿಟಕಿಯೇ ಅವನನ್ನು ಹಿಡಿದುಕೊಟ್ಟಿತ್ತು.

ಮೀಟಿಂಗು ಮುಗಿಯುತ್ತಲೇ ಸಾಹೇಬರ ಫೋನು. "ಆ ಬಿಸಿಲಿನವನು ಎಲ್ಲಿದ್ದಾನೆ? ಮಧ್ಯಾಹ್ನದೊಳಗೆ ತಿಳಿಸಿ. ಊರು ಬಿಟ್ಟಿದ್ರೆ ಇವತ್ತೇ ಕೊನೆ."

ಅವಳು ನಿಧಾನಿಗೆ ಫೋನು ಮಾಡಿದಳು.

"ದೊಡ್ಡಕ್ಕನ ಮನೇಲಿದ್ದೀನಿ," ಎಂದ. "ಆಪರೇಷನ್ ಆಗಿದೆ. ಭಾವ ತೀರಿಕೊಂಡ ಮೇಲೆ ಅವಳಿಗೆ ನನ್ನ ಬಿಟ್ರೆ ಯಾರಿದ್ದಾರೆ? ಲೋಟ ನೀರು ಕೊಡೋಕೂ ಒಂದು ಜನ ಇಲ್ಲ."

"ರಜೆ ಕೇಳಬಾರದಿತ್ತಾ?"

"ವಾರಕ್ಕೆ ಒಬ್ಬರಿಗೇ ರಜೆ. ಈ ವಾರ ನಿಮ್ಮದು. ನಾಳೆ ತವರಿಗೆ ಹೊರಟಿದ್ದೀರಲ್ಲ."

"ನನ್ನನ್ನೇ ಕೇಳಬಹುದಿತ್ತು."

"ಕೊಟ್ಟಿದ್ದನ್ನ ವಾಪಸ್ ಕೊಡಿ ಅನ್ನೋದು ಹೇಗಕ್ಕ?"

ಆಗ ನೆನಪಾಯಿತು. ಹೋದ ವರ್ಷ ಅವಳ ತಂದೆ ಹಾಸಿಗೆ ಹಿಡಿದಾಗ ಆ ವಾರದ ರಜೆ ನಿಧಾನಿಯದಾಗಿತ್ತು. "ನೀವು ಹೊರಡಿ ಅಕ್ಕ" ಎಂದು ಬಿಟ್ಟುಕೊಟ್ಟವನು ಅವನು. ಹಾಗಾಗಿಯೇ ಅವಳು ಸಮಯಕ್ಕೆ ಹೋಗಿ ಮುಟ್ಟಿ, ತಂದೆಯ ಬಾಯಿಂದ ಕೊನೆಯ ಸಲ "ಮಗಳೇ" ಎನಿಸಿಕೊಂಡಿದ್ದಳು. ಆ ವಾರವನ್ನು ತಿರುಗಿ ಕೊಡುತ್ತೇನೆ ಅಂದಿದ್ದಳು. ಹೊಳೆ ದಾಟಿದ ಮೇಲೆ ಅಂಬಿಗನ ನೆನಪು ಯಾರಿಗಿರುತ್ತದೆ? ಅದರಲ್ಲೂ ಈ ಅಂಬಿಗನ ಮುಖವನ್ನು ಅವಳು ಪರದೆಯ ಮೇಲಿನ ಬೆರಳಿನ ಉಗುರಿನಷ್ಟು ಚೌಕದಲ್ಲಲ್ಲದೆ ಕಂಡವಳಲ್ಲ.

ಬಾಗಿಲ ಪಕ್ಕ ತವರಿಗೆ ಕಟ್ಟಿಟ್ಟ ಚೀಲವಿತ್ತು. ಗುಂಡಿ ಕಿತ್ತ ಅಂಗಿ ಹೊಲಿಯುತ್ತಿದ್ದ ಅತ್ತೆ ತಲೆಯೆತ್ತಿ, "ಏನಮ್ಮ, ಮುಖ ಹೀಗೆ ಬಾಡಿದೆ?" ಎಂದರು. ಅವಳು ಎಲ್ಲ ಹೇಳಿದಳು.

ಅತ್ತೆ ಹಲ್ಲಿನಿಂದ ದಾರ ಕಡಿದರು. "ದೇವರಾದ್ರೆ ಸಾಲಕ್ಕೆ ಇನ್ನೊಂದು ಜನ್ಮದ ವಾಯಿದೆ ಕೊಡ್ತಾನೆ. ಮನುಷ್ಯರಿಗೆ ಅಷ್ಟು ಪುರುಸೊತ್ತಿಲ್ಲ. ನೀನು ಬರಲ್ಲ ಅಂತ ನಿಮ್ಮಮ್ಮನಿಗೆ ನಾನೇ ಫೋನ್ ಮಾಡ್ತೀನಿ. ಬೈಗುಳ ತಿಂದು ನನಗೆ ಅಭ್ಯಾಸ ಇದೆ."

ಅವಳಿಗೆ ನಗು ಬರಲಿಲ್ಲ. ತಂದೆ ಹೋದ ಮೇಲೆ ಅಮ್ಮನ ಬಳಿ ಒಂದು ದಿನವೂ ನಿಂತಿರಲಿಲ್ಲ.

ಸಾಹೇಬರಿಗೆ ಫೋನು ಹಚ್ಚಿದಳು. "ಊರು ಬಿಟ್ಟಿದ್ದಾನೆ ಸರ್. ಆದ್ರೆ ಈ ವಾರದ ರಜೆ ಅವನದು. ಅವನಿಂದ ನಾನು ತಗೊಂಡಿದ್ದೆ, ವಾಪಸ್ ಕೊಟ್ಟಿರಲಿಲ್ಲ. ತಪ್ಪು ಬರೆಯೋದಾದ್ರೆ ನನ್ನ ಮೇಲೆ ಬರೀರಿ."

"ಕಂಪ್ಯೂಟರು?"

"ನಾನೇ ಹೋಗಿ ತರ್ತೀನಿ."

ಆ ಕಡೆ ಪೆನ್ನಿನಿಂದ ಮೇಜು ಕುಟ್ಟುವ ಸದ್ದು. "ಕತ್ತಲಾಗೋದ್ರೊಳಗೆ ಅದು ಊರಲ್ಲಿದ್ರೆ ಅವನ ಕೆಲಸ ಉಳೀತು. ನಿಮ್ಮ ಬಡ್ತಿ ಮಾತ್ರ ಮರೆತುಬಿಡಿ."

ಊರು ದಾಟುತ್ತಲೇ ಬಸ್ಸು ಮಂಜಿನಿಂದ ಹೊರಬಂತು. ಆಚೆ ನಿಜವಾಗಿಯೂ ಒಳ್ಳೆಯ ಬಿಸಿಲಿತ್ತು. ಅವನು ಬೆಳಗ್ಗೆ ಫೋನಿನಲ್ಲಿ ಹೇಳಿದ್ದ ಓಣಿಯಲ್ಲಿ, ಹಗ್ಗದ ಮೇಲೆ ಹೆಣ್ಣುಮಗಳೊಬ್ಬಳ ಬಟ್ಟೆ ಒಣಗಿದ್ದ ಮನೆಯ ಬಾಗಿಲು ತಟ್ಟಿದಳು. ತೆರೆದವನು ಕುಳ್ಳ, ಒದ್ದೆ ಕೈಯವನು. ಆ ದನಿಗೆ ಅವಳು ಎತ್ತರದ ಆಳನ್ನು ಕಲ್ಪಿಸಿಕೊಂಡಿದ್ದಳು.

"ನಿಧಾನಿ?" ಎಂದಳು. ದನಿ ಗುರುತು ಹತ್ತಿ ಅವನು ಕೈ ಒರೆಸಿಕೊಂಡ. ಅವಳು ಬಂದ ಕಾರಣ ಹೇಳದೆಯೇ ಊಹಿಸಿ, ಕಂಪ್ಯೂಟರನ್ನು ಚೀಲಕ್ಕೆ ಹಾಕಿ ತಂದುಕೊಟ್ಟ. ಕೆಲಸ ಹೋಯಿತೇ ಎಂದು ಕೇಳುವ ಧೈರ್ಯ ಅವನಿಗಿರಲಿಲ್ಲ.

ಒಳಗಿನಿಂದ ನರಳುವ ದನಿ ಬಂತು. "ಯಾರೋ ಅದು?"

"ನಮ್ಮ ಅಕ್ಕ, ಅಕ್ಕ," ಎಂದ.

ಅವಳು ಮೊಬೈಲು ತೆಗೆದು, ರಜೆಯ ಪಟ್ಟಿಯ ಆ ವಾರದಿಂದ ತನ್ನ ಹೆಸರು ಅಳಿಸಿ ಅವನದನ್ನು ಬರೆದಳು. ಮೊಬೈಲನ್ನು ಅವನ ಕಡೆ ತಿರುಗಿಸಿ, ಅವನು ತನ್ನ ಎಂದಿನ ನಿಧಾನದಲ್ಲಿ ಓದಿ ಮುಗಿಸುವವರೆಗೂ ಹಿಡಿದು ನಿಂತಳು.