ಬಚ್ಚಲ ಮನೆಯ ಗವಾಕ್ಷಿ

ಹೊಳೆನರಸೀಪುರದ ಜಯಲಕ್ಷ್ಮಮ್ಮ ತನ್ನ ಮನೆಗೆ ಅಂಟಿಕೊಂಡಿದ್ದ ಬಾಡಿಗೆ ಮನೆಯ ಬಚ್ಚಲನ್ನು ನೋಡಲು ಹೋಗದೆ ತಿಂಗಳುಗಳೇ ಆಗಿದ್ದವು. ಸೂರಿನಿಂದ ಹಂಡೆಯ ಒಲೆಯವರೆಗೆ ಗೋಡೆಯ ತುಂಬ ಕಪ್ಪು ಬೂಷ್ಟು ಹಿಡಿದಿದೆಯೆಂದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಅದು ಏಕೆ ಹಿಡಿಯಿತೆಂಬುದೂ ಗೊತ್ತಿತ್ತು. ಅದಕ್ಕೇ ಹೋಗುತ್ತಿರಲಿಲ್ಲ.

ಅರವತ್ತೊಂದನೇ ಇಸವಿಯಲ್ಲಿ ಆ ಮನೆಗೆ ಬಂದವರು ಮಿಡ್ಲ್ ಸ್ಕೂಲಿನ ಶಿವಯ್ಯ ಮೇಷ್ಟ್ರು, ಅವರ ಹೆಂಡತಿ ಮಾಯಮ್ಮ ಮತ್ತು ನಾಲ್ಕು ವರ್ಷದ ಮಗಳು ಪುಟ್ಟಿ. ಮಲ್ಲಿಪಟ್ಟಣದ ಕಡೆಯವರು. ಮೇಷ್ಟ್ರ ಇಸ್ತ್ರಿ ಮಾಡಿದ ಅಂಗಿ, ಕನ್ನಡಕ ನೋಡಿ ಜಯಲಕ್ಷ್ಮಮ್ಮನ ಗಂಡ ಚನ್ನಪ್ಪ ಏನೂ ವಿಚಾರಿಸದೆ ಬೀಗದ ಕೈ ಕೊಟ್ಟುಬಿಟ್ಟಿದ್ದ. ಹದಿನೈದು ದಿನ ಕಳೆಯುವುದರೊಳಗೆ ಅರಕಲಗೂಡಿನಿಂದ ಬಂದ ನೆಂಟರ ಹೆಂಗಸೊಬ್ಬಳು, ಮೇಷ್ಟ್ರು ಹುಟ್ಟಿದ್ದು ಊರಾಚೆಯ ಯಾವ ಕೇರಿಯಲ್ಲಿ ಎಂಬುದನ್ನು ಕಾಫಿ ಕುಡಿಯುತ್ತ ಹೇಳಿದಳು. ಮನೆಯೊಳಗೆ ಕಿಡಿ ಹಾಕಿದ ಮೇಲೂ ಪುಣ್ಯಾತ್ಗಿತ್ತಿ ಲೋಟ ಪೂರ್ತಿ ಖಾಲಿ ಮಾಡಿಯೇ ಎದ್ದಳು.

ಸರ್ಕಾರಿ ಮೇಷ್ಟ್ರನ್ನು ಬಿಡಿಸುವ ಮಾತೇ ಬೇಡ, ಕಾಲ ಬದಲಾಗಿದೆ, ಸುಮ್ಮನಿರು ಎಂದು ಚನ್ನಪ್ಪ ಕಡ್ಡಿ ಮುರಿದಂತೆ ಹೇಳಿದ. ಜಯಲಕ್ಷ್ಮಮ್ಮ ಸುಮ್ಮನಾದಳು, ಬಾಯಲ್ಲಿ ಮಾತ್ರ. ಆ ಬಚ್ಚಲಿನ ಗವಾಕ್ಷಿ ಆಕೆಯ ಹಿತ್ತಲಿಗೆ ತೆರೆದುಕೊಂಡಿತ್ತು. ಅದರ ಎದುರಿಗೇ ತುಳಸಿ ಕಟ್ಟೆ. ಬೆಳಿಗ್ಗೆ ಆಕೆ ಪೂಜೆಗೆ ನಿಲ್ಲುವ ಹೊತ್ತಿಗೆ ಸರಿಯಾಗಿ ಮಾಯಮ್ಮ ಸ್ನಾನ ಮಾಡುವ ನೀರಿನ ಹಬೆ ತೇಲಿ ಬಂದು ತುಳಸಿಯನ್ನು ಸವರುತ್ತಿತ್ತು. ಹಿಂದೆ ಇದ್ದ ಪೋಸ್ಟಾಫೀಸಿನವರ ಕಾಲದಲ್ಲೂ ಅದು ಹಾಗೆಯೇ ಸವರುತ್ತಿತ್ತು. ಆಗ ಅದು ಬರೀ ಹಬೆಯಾಗಿತ್ತು.

ಗೌರಿ ಹಬ್ಬಕ್ಕೆ ಮೇಷ್ಟ್ರ ಸಂಸಾರ ಊರಿಗೆ ಹೋದಾಗ ಗಾರೆ ಕೆಲಸದ ಕೆಂಚಯ್ಯನನ್ನು ಕರೆಸಿ, ತನ್ನಲ್ಲಿದ್ದ ಇನ್ನೊಂದು ಬೀಗದ ಕೈ ಕೊಟ್ಟಳು. ಹಿತ್ತಲಿಗೆ ಕಾಲಿಡದೆ ಬಚ್ಚಲಿನ ಒಳಗಿನಿಂದಲೇ ಇಟ್ಟಿಗೆ ಇಟ್ಟು ಗವಾಕ್ಷಿ ಮುಚ್ಚು ಎಂದಳು. ಏಕೆಂದು ಅವನು ಕೇಳಲಿಲ್ಲ, ಆಕೆಯೇ ಹೇಳಿದಳು. ಕೂಲಿಯವನ ಮುಂದೆ ಮಾತಾಡುವಾಗ ಅವನಿಗೂ ಕಿವಿಯಿದೆ, ನೆಂಟರಿದ್ದಾರೆ ಎಂಬುದು ಆಕೆಗೆ ಯಾವತ್ತೂ ಹೊಳೆದಿರಲಿಲ್ಲ.

ಊರಿಂದ ಬಂದ ಮಾಯಮ್ಮನಿಗೆ ಹೇಳಿದ್ದು ಬೇರೆ. ಗವಾಕ್ಷಿಯಿಂದ ಹಾವು ಇಳಿಯುತ್ತಿದ್ದುದನ್ನು ಕಣ್ಣಾರೆ ಕಂಡೆ, ಮಗು ಓಡಾಡುವ ಮನೆ, ಮನಸ್ಸು ತಡೆಯದೆ ಮುಚ್ಚಿಸಿಬಿಟ್ಟೆ ಎಂದಳು. ಮಾಯಮ್ಮ ಎರಡೂ ಕೈ ಜೋಡಿಸಿ ಮುಗಿದಳು. ಬೈದಿದ್ದರೆ ಜಯಲಕ್ಷ್ಮಮ್ಮನಿಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು.

ಗಾಳಿಯಿಲ್ಲದ ಬಚ್ಚಲು ಎಷ್ಟು ದಿನ ತಡೆದೀತು? ಎರಡು ತಿಂಗಳಿಗೆ ನೀರು ತುಂಬುವ ಹಬ್ಬ ಬಂತು. ದೀಪಾವಳಿಯ ಆ ಮೊದಲ ಸಂಜೆ ಹಂಡೆ ಬೆಳಗಿ, ಬಚ್ಚಲಿಗೆ ಸುಣ್ಣ ಬಳಿದು, ಕೆಮ್ಮಣ್ಣಿನ ಗೆರೆ ಎಳೆದು ಹೊಸ ನೀರು ತುಂಬುವುದು ಎಲ್ಲ ಮನೆಗಳ ರೂಢಿ. ಎದುರು ಮನೆಯ ಮಲ್ಲಿಗಮ್ಮನನ್ನು ಜೊತೆಗೆ ಕರೆದುಕೊಂಡು, ಸುಣ್ಣ ಬಳಿಯುವ ಮೊದಲೇ ನೋಡಲು ಹೋದ ಜಯಲಕ್ಷ್ಮಮ್ಮನಿಗೆ ಕಂಡದ್ದು ಮುಚ್ಚಿದ ಗವಾಕ್ಷಿಯ ಸುತ್ತ ಹಬ್ಬಿದ ಕಪ್ಪು. ಮಲ್ಲಿಗಮ್ಮ ಆಕೆಯ ಮುಖವನ್ನೇ ನೋಡುತ್ತಿದ್ದಳು. ಗಾಬರಿಯಲ್ಲಿ ಜಯಲಕ್ಷ್ಮಮ್ಮನ ಬಾಯಿಗೆ ಬಂದದ್ದು ಇದು:

"ನೀರುಯ್ಕಂಡು ಉಜ್ಜದೆ ಬುಟ್ರೆ ಇನ್ನೇನಾದಾತು? ಬಚ್ಚಲು ಇಟ್ಕಳಾಕೂ ಅಭ್ಯಾಸ ಇರ್ಬೇಕು ಕಣವ್ವ."

ಮಾಯಮ್ಮ ತಲೆ ತಗ್ಗಿಸಿದಳು. ಆ ಮಾತು ಎಲ್ಲಿಗೆ ತಾಗಿತೆಂಬುದು ಆಡಿದವಳಿಗೂ ಗೊತ್ತಾಯಿತು, ಕೇಳಿದವಳಿಗೂ ಗೊತ್ತಾಯಿತು. ಆಡಿದ್ದನ್ನು ನುಂಗಿಕೊಳ್ಳುವ ಹಾಗಿರಲಿಲ್ಲ.

ಆಮೇಲೆ ಗೋಡೆಯಾಚೆ ಉಜ್ಜುವ ಸದ್ದು ಶುರುವಾಯಿತು. ತೆಂಗಿನ ನಾರು, ಬೂದಿ, ದಿನಾ ಬೆಳಿಗ್ಗೆ ಕೆರ ಕೆರ ಕೆರ. ಪೂಜೆಗೆ ನಿಂತ ಜಯಲಕ್ಷ್ಮಮ್ಮನಿಗೆ ಮಂತ್ರ ತಪ್ಪುತ್ತಿತ್ತು. ಹಬ್ಬಕ್ಕೆ ಬಳಿದ ಸುಣ್ಣ ಸಂಕ್ರಾಂತಿಗೆ ಕಪ್ಪಾಯಿತು. ಮತ್ತೆ ಬಳಿದದ್ದು ಶಿವರಾತ್ರಿಗೆ ಕಪ್ಪಾಯಿತು. ಸುಣ್ಣದ ಉರಿಗೆ ಮಾಯಮ್ಮನ ಅಂಗೈ ಬಿರಿಯಿತು. ಪುಟ್ಟಿಗೆ ಉಬ್ಬಸ ಹತ್ತಿತು. ಆ ಮಗು ಉಸಿರೆಳೆಯುವ ಸದ್ದು ಹಿತ್ತಲವರೆಗೆ ಕೇಳುತ್ತಿತ್ತು.

ಚನ್ನಪ್ಪ ಒಂದು ದಿನ ಊಟಕ್ಕೆ ಕುಳಿತಾಗ ಕೇಳಿದ. ಗೋಡೆಯೇ ಕೆಟ್ಟಿದ್ದರೆ ರಿಪೇರಿ ಮಾಡಿಸುವುದು ಮನೆ ಒಡೆಯರಾದ ನಮ್ಮ ಹೊಣೆ, ಉಜ್ಜದೆ ಕೆಡಿಸಿದ್ದರೆ ಬಾಡಿಗೆಯವರ ಹೊಣೆ; ಇದು ಯಾವುದು? ನಿಜ ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಬೇರೆ ಸಿಗುತ್ತಿರಲಿಲ್ಲ. ಜಯಲಕ್ಷ್ಮಮ್ಮ ಸಾರಿನ ಸೌಟು ಹಿಡಿದುಕೊಂಡು, ಅವರು ಉಜ್ಜುವುದಿಲ್ಲ ಎಂದಳು.

ಯುಗಾದಿ ಕಳೆದ ಮೇಲೆ ಡಾಕ್ಟರು, ಈ ಥಂಡಿ ಮನೆ ಬಿಡದಿದ್ದರೆ ಮಗು ಉಳಿಯುವುದು ಕಷ್ಟ ಎಂದರಂತೆ. ಮೇಷ್ಟ್ರು ಹಾಸನಕ್ಕೆ ವರ್ಗ ಕೇಳಿ ಹಾಕಿಸಿಕೊಂಡರು. ಬೇಸಿಗೆ ರಜೆಯ ಒಂದು ಬೆಳಿಗ್ಗೆ ಸಾಮಾನು ತುಂಬಿದ ಎತ್ತಿನ ಗಾಡಿ ಬಸ್ ಸ್ಟ್ಯಾಂಡಿಗೆ ಹೊರಡಲು ನಿಂತಿತು. ಮಾಯಮ್ಮ ಬೀಗದ ಕೈ ಹಿಡಿದು ಜಗಲಿಯ ಕೆಳಗೆ ಬಂದಳು. ಈ ಒಂಬತ್ತು ತಿಂಗಳೂ ಅವಳು ಕೊಡುವುದನ್ನೆಲ್ಲ ಜಗಲಿಯ ಮೇಲೆ ಇಟ್ಟೇ ಕೊಟ್ಟವಳು. ಅವಳು ಬೆನ್ನು ತಿರುಗಿಸಿದ ಮೇಲೆ ಜಯಲಕ್ಷ್ಮಮ್ಮ ನೀರು ಚಿಮುಕಿಸಿ ತೆಗೆದುಕೊಳ್ಳುತ್ತಿದ್ದಳು.

"ಬಚ್ಚಲಿಗೆ ಇನ್ನೊಂದ್ಸಲ ಸುಣ್ಣ ಬಳ್ದಿವ್ನಿ ಅಮ್ಮಾರೆ. ನಮ್ಮಿಂದ ಗ್ವಾಡೆ ಕೆಟ್ಟೋಯ್ತು."

ಬಿರಿದ ಅಂಗೈಯಲ್ಲಿ ಬೀಗದ ಕೈ. ಗಾಡಿಯಲ್ಲಿ ಪುಟ್ಟಿಯ ಉಸಿರಿನ ಸುಯ್ ಸುಯ್. ಜಯಲಕ್ಷ್ಮಮ್ಮನಿಗೆ ಇನ್ನು ತಡೆಯಲಾಗಲಿಲ್ಲ.

"ಮಾಯವ್ವ, ಅಲ್ಲಿ ಹಾವು ಇರ್ಲಿಲ್ಲ."

"ಗೊತ್ತು ಅಮ್ಮಾರೆ. ಕೆಂಚಯ್ಯ ನಮ್ಮವ್ವನ ಕಡೆಯೋನು. ಆ ವಾರವೇ ಯೋಳ್ದ, ನೀವು ಅಂದಿದ್ನೆಲ್ಲ."

ಹಾಗಿದ್ದರೆ ಒಂದು ಮಾತು ಏಕೆ ಕೇಳಲಿಲ್ಲ, ಮಗು ಅಷ್ಟು ಒದ್ದಾಡುವಾಗಲೂ ಏಕೆ ಕೇಳಲಿಲ್ಲ ಎಂದಳು ಜಯಲಕ್ಷ್ಮಮ್ಮ.

"ಕೇಳಿದ್ರೆ ನೀವು ನಿಜ ಯೋಳ್ಬೇಕಾಯ್ತಿತ್ತು. ನಿಜ ಆಚೆಗೆ ಬಂದ್ಮ್ಯಾಕೆ ನಮ್ಮುನ್ನ ಇಲ್ಲಿ ಮಡಿಕತಿದ್ರಾ? ಈ ಊರಲ್ಲಿ ನಮ್ಗೆ ಇನ್ನೊಂದು ಮನೆ ಯಾರು ಕೊಡೋರು? ಹಾವು ಇತ್ತು ಅಂದ್ಕಂಡೇ ಉಜ್ತಿದ್ದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಜಯಲಕ್ಷ್ಮಮ್ಮ ಜಗಲಿಯ ಅಂಚಿಗೆ ಬಂದು, ಬೀಗದ ಕೈ ತೆಗೆದುಕೊಳ್ಳಲು ಮೊದಲ ಸಲ ಕೈ ಚಾಚಿದಳು. ಮಾಯಮ್ಮ ಆ ಕೈಯನ್ನು ನೋಡಿದಳು. ಆಮೇಲೆ ಎಂದಿನಂತೆ ಬಗ್ಗಿ, ಬೀಗದ ಕೈಯನ್ನು ಜಗಲಿಯ ಮೇಲಿಟ್ಟು, ಗಾಡಿಯ ಕಡೆ ನಡೆದಳು.

ಗಾಡಿ ಬೀದಿಯ ತಿರುವು ದಾಟಿ ಹೋಯಿತು. ಚಾಚಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಜಯಲಕ್ಷ್ಮಮ್ಮ ಅಲ್ಲೇ ನಿಂತಿದ್ದಳು.