ಅತ್ತಿಗೆಯ ಜಡೆಯೊಳಗಿನ ಚೌರಿ

ನಾನು ಒಂದು ಚೌರಿ. ಗಿಡ್ಡ ಜಡೆ ಉದ್ದ ಕಾಣಲೆಂದು ಹೆಂಗಸರು ಸೇರಿಸಿ ಹೆಣೆದುಕೊಳ್ಳುವ ಕೂದಲಿನ ಕಟ್ಟು. ಬಾಚಣಿಗೆಗೆ ಸಿಕ್ಕ ಕೂದಲನ್ನು ಉಂಡೆ ಮಾಡಿ ಗೋಡೆಯ ಸಂದಿಗೆ ತುರುಕಿರುತ್ತಾರಲ್ಲ, ಅಂಥ ಉಂಡೆಗಳನ್ನು ಪಿನ್ನು ಟೇಪು ಕೊಟ್ಟು ಕೊಳ್ಳುತ್ತಿದ್ದ ಒಬ್ಬಾಕೆ ಅವನ್ನೆಲ್ಲ ಬಿಡಿಸಿ, ತೊಳೆದು, ಕಪ್ಪು ಬಣ್ಣ ಹಾಕಿ ನನ್ನನ್ನು ಮಾಡಿದಳು. ಒಂದೊಂದು ಎಳೆ ಉದುರಿದಾಗಲೂ ಯಾರೋ ಒಬ್ಬಳ ಎದೆ ಧಸಕ್ಕೆಂದಿತ್ತು. ಆ ಭಯ ನನ್ನಲ್ಲಿ ಉಳಿದುಕೊಂಡಿದೆ. ಹಾಗಾಗಿ ನಾನು ಯಾರನ್ನೂ ಸುಲಭಕ್ಕೆ ನಂಬುವುದಿಲ್ಲ.

ನಂಜನಗೂಡಿನ ಬಳೆ ಅಂಗಡಿಯಲ್ಲಿ ನನ್ನನ್ನು ಕೊಂಡವರು ಸರ್ವಮಂಗಳಮ್ಮ. "ನಮ್ಮ ಹುಡುಗಿ ಡ್ಯಾನ್ಸಿಗೆ" ಎಂದರು. ಮನೆಗೆ ಹೋಗಿ ನೋಡಿದರೆ ಹುಡುಗಿಯೇ ಇಲ್ಲ. ಹೆಣ್ಣು ನೋಡಲು ಬಂದ ದಿನ ಅತ್ತೆ ಇವರ ಜಡೆ ಬಿಚ್ಚಿಸಿ ನೋಡಿಯೇ ಒಪ್ಪಿದ್ದರಂತೆ. ಐವತ್ತು ದಾಟಿ ಜಡೆ ಇಲಿಬಾಲವಾದಾಗ ಅದನ್ನು ಯಾರಿಗೂ ಹೇಳಿಕೊಳ್ಳಲು ಬಾಯಿ ಬರಲಿಲ್ಲ. ದಿನಾ ಬೆಳಿಗ್ಗೆ ಬಚ್ಚಲಿನ ಚಿಲಕ ಹಾಕಿ ನನ್ನನ್ನು ಹೆಣೆದುಕೊಳ್ಳುತ್ತಿದ್ದರು. ನಾನು ನರೆಯುವುದಿಲ್ಲವಲ್ಲ, ನನಗೆ ಹೊಂದಲೆಂದು ತಲೆಗೆ ಬಣ್ಣ ಬಳಿದುಕೊಳ್ಳುತ್ತಿದ್ದರು.

ನನಗೆ ಎಲ್ಲರಿಗಿಂತ ಹೆಚ್ಚು ಅನುಮಾನ ಅವರ ನಾದಿನಿ ದಾಕ್ಷಾಯಣಿಯ ಮೇಲೆ. ಹೂ ಮುಡಿಸುವ ನೆಪದಲ್ಲಿ ಜಡೆಯ ಉದ್ದಕ್ಕೂ ಬೆರಳಾಡಿಸುವಳು.

"ಈ ವಯಸ್ಸಲ್ಲೂ ಹೆಂಗೆ ಅತ್ತಿಗೆ? ಯಾವ ಎಣ್ಣೆ ಹಾಕ್ತೀರಿ?"

"ಕೊಬ್ಬರಿ ಎಣ್ಣೆನೇ ಕಣೆ."

ನನ್ನ ಗಂಟಿನ ಹತ್ತಿರ ಬೆರಳು ನಿಲ್ಲುತ್ತಿತ್ತು. ಇವಳು ಒಂದಲ್ಲ ಒಂದು ದಿನ ನಾಲ್ಕು ಜನರ ಮುಂದೆ ನನ್ನನ್ನು ಎಳೆದು ತೋರಿಸಿಯೇ ತೀರುತ್ತಾಳೆ ಎಂದುಕೊಂಡು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದೆ.

ಆಮೇಲೆ ಬಣ್ಣ ಒಗ್ಗದೆ ನೆತ್ತಿಯಲ್ಲಿ ಗುಳ್ಳೆ ಎದ್ದವು. ಡಾಕ್ಟರು ಇನ್ನು ಬಣ್ಣ ಮುಟ್ಟಬೇಡಿ ಎಂದರು. ಮೇಲೆ ಬಿಳಿ, ಕೆಳಗೆ ನಾನು ಕಪ್ಪು. ಸರ್ವಮಂಗಳಮ್ಮ ಕೆಲವು ದಿನ ಸೆರಗು ಹೊದ್ದು ಓಡಾಡಿದರು. ವರಮಹಾಲಕ್ಷ್ಮಿ ಹಬ್ಬದ ದಿನ ಏನನ್ನಿಸಿತೋ, ಪಾರ್ಲರಿಗೆ ಹೋಗಿ ಕೂದಲನ್ನು ಕತ್ತಿನವರೆಗೆ ಕತ್ತರಿಸಿಕೊಂಡರು. ನನ್ನನ್ನು ಹೊಳೆಗೆ ಬಿಡಲೆಂದು ಚೀಲಕ್ಕೆ ಹಾಕಿಕೊಂಡು ಹೊರಟವರಿಗೆ ಸೇತುವೆಯ ಮೇಲೆ ಮನಸ್ಸು ಬರಲಿಲ್ಲ. ಹಾಗೇ ಕುಂಕುಮಕ್ಕೆಂದು ದಾಕ್ಷಾಯಣಿಯ ಮನೆಗೆ ಬಂದರು.

ಅಲ್ಲಿ ಸೇರಿದ್ದ ಹೆಂಗಸರೆಲ್ಲ ಇವರ ತಲೆಯ ಕಡೆ ತಿರುಗಿದರು. ಮೂಲೆಯಿಂದ ಒಬ್ಬ ಅಜ್ಜಿ, "ಯಾಕವ್ವ, ಹರಕೆನಾ?" ಎಂದರು.

"ಇಲ್ಲ ದೊಡ್ಡಮ್ಮ. ಸಾಕಾಯ್ತು."

ಮಲ್ಲಿಗೆ ಹಿಡಿದ ದಾಕ್ಷಾಯಣಿಯ ಕೈ ಹಾಗೇ ಉಳಿಯಿತು. "ಹೂ ಎಲ್ಲಿ ಮುಡಿಸ್ಲಿ ಅತ್ತಿಗೆ?"

ನಾನು ಚೀಲದಲ್ಲಿ ಮುದುಡಿಕೊಂಡೆ. ಸರ್ವಮಂಗಳಮ್ಮ ಹೂವನ್ನು ತಾವೇ ತೆಗೆದುಕೊಂಡು ಕಿವಿಯ ಹಿಂದೆ ಪಿನ್ನಿನಿಂದ ಸಿಕ್ಕಿಸಿಕೊಂಡರು. "ಇಷ್ಟು ಜಾಗ ಸಾಕು ಕಣೆ" ಎಂದರು.

ಹೊರಡುವಾಗ ದಾಕ್ಷಾಯಣಿ ಅವರನ್ನು ಅಡುಗೆಮನೆಗೆ ಕರೆದು ಬಾಗಿಲು ಹಾಕಿದಳು. ಮುಗಿಯಿತು ನಮ್ಮ ಕಥೆ ಎಂದುಕೊಂಡೆ.

"ಅತ್ತಿಗೆ, ಅದನ್ನ ಎಸೆದ್ಬಿಟ್ರಾ?"

"ಯಾವುದನ್ನ?"

ಅವಳು ತನ್ನ ತುರುಬು ಬಿಚ್ಚಿದಳು. ಒಳಗಿನಿಂದ ಸುತ್ತಿದ ಕರಿ ಕಾಲುಚೀಲ ಬಿತ್ತು. ಉಳಿದದ್ದು ಕಿರುಬೆರಳು ದಪ್ಪದ ಕೂದಲು.

"ಎಷ್ಟು ವರ್ಷದಿಂದ ಎಲ್ಲಿ ತಗೊಂಡ್ರಿ ಅಂತ ಕೇಳ್ಬೇಕು ಅಂತಿದ್ದೆ."

ಸರ್ವಮಂಗಳಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಚೀಲದಿಂದ ನನ್ನನ್ನು ತೆಗೆದು ಅವಳ ಕೈಗಿಟ್ಟರು.

ಈಗ ನಾನು ರಾತ್ರಿ ಹೊತ್ತು ದಾಕ್ಷಾಯಣಿಯ ಬೀರುವಿನಲ್ಲಿ, ಸೀರೆಗಳ ಕೆಳಗೆ, ಅದೇ ಕಾಲುಚೀಲದೊಳಗೆ ಇರುತ್ತೇನೆ. ನನಗೂ ಮುಪ್ಪು ಬಂದು ಎಳೆ ಉದುರುತ್ತಿವೆ. ಇವಳೂ ದಿನಾ ಬೆಳಿಗ್ಗೆ ಚಿಲಕ ಹಾಕಿಕೊಂಡೇ ನನ್ನನ್ನು ಹೆಣೆದುಕೊಳ್ಳುತ್ತಾಳೆ. ಅತ್ತಿಗೆ ಬಂದಾಗ ಮಾತ್ರ ಇವಳ ಕಣ್ಣು ಅವರ ಗಾಳಿಯಾಡುವ ಬರಿಗತ್ತಿನ ಮೇಲೇ ಇರುತ್ತದೆ. ಆಗ ಕೈ ಮೆಲ್ಲಗೆ ನನ್ನ ಗಂಟಿಗೆ ಬರುತ್ತದೆ. ಗಂಟು ಬಿಗಿ ಮಾಡಿಕೊಳ್ಳುತ್ತಿದ್ದಾಳೋ, ಬಿಚ್ಚಲು ನೋಡುತ್ತಿದ್ದಾಳೋ, ನನಗೆ ಅನುಮಾನ.